ನೀರಗಂಟಿಯ ಕಾಲು, ನನ್ನ ಚಪ್ಪಲಿ

ನಮ್ಮ ಆಲೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಚಪ್ಪಲಿ ಇದೆ. ಬಲಗಾಲಿನದು. ಅದರ ಜೊತೆಯದು ಬೆಸಗರಹಳ್ಳಿಗೂ ಮದ್ದೂರಿಗೂ ನಡುವೆ ಎಲ್ಲೋ ಒಂದು ಕಡೆ ಯಾರ ಕಾಲಿಗೂ ಆಗದೆ ಬಿದ್ದಿರಬೇಕು. ನನ್ನ ಹೆಂಡತಿ ಭಾಗ್ಯ ಇದನ್ನು ಎಸೆಯುವುದಕ್ಕೆ ಮೂರು ಸಲ ನೋಡಿದಳು. "ಒಂಟಿ ಚಪ್ಲಿ ಮನೇಲಿ ಇಟ್ಕೋಬಾರ್ದು ಕನ, ದರಿದ್ರ" ಅಂದಳು. ಇದು ಮನೆಯಲ್ಲ, ಆಲೆಮನೆ ಅಂದೆ. ಈಗ ಅವಳೂ ಸುಮ್ಮನಾಗಿದ್ದಾಳೆ. ಆದರೆ ಅದರ ಕಡೆ ಕಣ್ಣು ಹೋದಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತೇನೆ. ಚಪ್ಪಲಿಗೆ ಹೆದರುವ ಗಂಡಸನ್ನು ನೀವು ನೋಡಿರಲಾರಿರಿ. ಇಗೋ, ನೋಡಿಕೊಳ್ಳಿ.

ನಾನು ಹುಟ್ಟಾ ಅಂಜುಬುರುಕನಲ್ಲ. ಕಬ್ಬಿನ ಗದ್ದೆಯಲ್ಲಿ ಮಂಡಲದ ಹಾವು ಎದುರಾದರೆ ಕುಡುಗೋಲು ಎತ್ತದೆ ದಾರಿ ಬಿಟ್ಟು ಕಳಿಸಿದ್ದೇನೆ. ಒಂದು ಕೊಪ್ಪರಿಗೆ ಕುದಿಯುವ ಕಬ್ಬಿನ ಹಾಲಿನ ಅಂಚಿನಲ್ಲಿ ನಲವತ್ತು ವರ್ಷದಿಂದ ಓಡಾಡಿದ್ದೇನೆ. ಅದರೊಳಗೆ ಬಿದ್ದವನನ್ನು ಮೂಳೆಯೂ ಸಿಕ್ಕದಂತೆ ಕುದಿಸಿಬಿಡುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದ. ಅಂಥ ನನಗೆ ಹೆದರುವುದನ್ನು ಕಲಿಸಿದ್ದು ಒಂದು ಪುಸ್ತಕ. ಆರುನೂರ ಹನ್ನೆರಡು ಪುಟದ ಕಾದಂಬರಿ. ಅದರ ಹೆಸರು ಹೇಳುವುದಿಲ್ಲ. ಯಾಕೆಂದರೆ ಅದರ ಕೊನೆಯನ್ನು ಇಲ್ಲಿ ಹೇಳುವವನಿದ್ದೇನೆ. ಹೆಸರನ್ನೂ ಹೇಳಿಬಿಟ್ಟರೆ ಓದದವರ ಶಾಪ ನನಗೆ ತಟ್ಟುತ್ತದೆ. ಇರುವ ಶಾಪವೇ ಸಾಕು.

ಓದಿನ ವಿಷಯ ಬಂತು ಅಂತ ಹೇಳುತ್ತೇನೆ, ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡಿಸಿದರು ಅಂತ ಹೇಳುವುದಿಲ್ಲ. ಬಿಟ್ಟೆ. ಆ ವರ್ಷ ನಮ್ಮಪ್ಪ ಎತ್ತಿನ ಗಾಣ ತೆಗೆದು ಇಂಜಿನ್ನಿನ ಗಾಣ ಹಾಕಿಸಿದ. ಒಲೆಗೆ ಸಿಪ್ಪೆ ಹಾಕಲು ಒಂದು ಆಳು ಬೇಕಿತ್ತು. ನಾನೇ ನಿಂತೆ. ಅದರ ಬಗ್ಗೆ ಇವತ್ತಿಗೂ ನನಗೆ ನಾಚಿಕೆ ಇಲ್ಲ. ಒಂದೇ ಒಂದು ಕೊರತೆ ಉಳಿಯಿತು. ನಾನು ಬಿಟ್ಟ ದಿನ ಕನ್ನಡ ಪುಸ್ತಕದ ಒಂದು ಪಾಠ ಅರ್ಧಕ್ಕೆ ನಿಂತಿತ್ತು. ಒಬ್ಬ ಕುಂಬಾರ ಮಣ್ಣಿಗೆ ಹೋಗಿರುತ್ತಾನೆ. ದಾರಿಯಲ್ಲಿ ಒಂದು ಹಾಳುಬಾವಿ. ಒಳಗಿನಿಂದ ಯಾರೋ ಅವನ ಹೆಸರು ಹಿಡಿದು ಕರೆಯುತ್ತಾರೆ. ಕುಂಬಾರ ಕಟ್ಟೆಗೆ ಎದೆ ಕೊಟ್ಟು ಒಳಕ್ಕೆ ಬಗ್ಗುತ್ತಾನೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾಳೆ ನೋಡೋಣ ಅಂದರು ಮೇಷ್ಟ್ರು. ನನಗೆ ನಾಳೆ ಬರಲೇ ಇಲ್ಲ.

ಪುಸ್ತಕವನ್ನು ಆಗಲೇ ಚಿಕ್ಕಪ್ಪನ ಮಗಳು ಎತ್ತಿಕೊಂಡು ಹೋಗಿದ್ದಳು. ಜೊತೆಯವರನ್ನು ಕೇಳಿದೆ. ಒಬ್ಬ ಬಾವಿಯಲ್ಲಿ ದೆವ್ವ ಇತ್ತು ಅಂದ. ಇನ್ನೊಬ್ಬ ನಿಧಿ ಇತ್ತು ಅಂದ. ಮೂರನೆಯವನು, ಈಗ ಊರಿಗೆಲ್ಲ ನ್ಯಾಯ ಹೇಳುತ್ತಾನೆ, "ಅವ್ನ ಎಂಡ್ತಿ ಕಣ್ಲಾ" ಅಂದ. ಮೂರಕ್ಕೂ ಒಂದಕ್ಕೊಂದು ತಾಳೆ ಇಲ್ಲ. ಹೀಗಾಗಿ ನನ್ನ ಲೆಕ್ಕದಲ್ಲಿ ಆ ಕುಂಬಾರ ಇವತ್ತಿಗೂ ಬಾವಿಕಟ್ಟೆಯ ಮೇಲೆ ಬಗ್ಗಿಯೇ ಇದ್ದಾನೆ. ಬಿದ್ದಿಲ್ಲ, ಸತ್ತಿಲ್ಲ, ನಿಧಿಯೂ ಸಿಕ್ಕಿಲ್ಲ. ಈ ಕುಂಬಾರನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ನನಗೆ ಅವನು ಕೆಲಸಕ್ಕೆ ಬಂದ.

ಆ ಕೊರತೆಗೋ ಏನೋ, ಅಲ್ಲಿಂದ ಮುಂದೆ ಕೈಗೆ ಸಿಕ್ಕಿದ್ದನ್ನೆಲ್ಲ ಕೊನೆಯವರೆಗೂ ಓದುವ ಚಟ ಅಂಟಿಕೊಂಡಿತು. ಬೆಳಗಿನ ಜಾವ ಒಲೆ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಅಡುಗೆ ಇಳಿಯುತ್ತದೆ; ನಾವು ಬೆಲ್ಲ ಬೇಯಿಸುವುದಕ್ಕೂ ಅಡುಗೆ ಅಂತಲೇ ಅನ್ನುವುದು. ಅಚ್ಚಿಗೆ ಸುರಿದ ಮೇಲೆ ಬೆಲ್ಲ ಗಟ್ಟಿಯಾಗುವವರೆಗೂ ನಮಗೆ ಬಿಡುವು. ಆಗ ಓದುತ್ತೇನೆ. ಡಿಗ್ರಿ ಮಾಡಿದವರು ಹತ್ತು ಪುಟಕ್ಕೆ ಆಕಳಿಸುವ ಪುಸ್ತಕಗಳನ್ನು ನಾನು ರಟ್ಟಿನಿಂದ ರಟ್ಟಿನವರೆಗೂ ಓದಿದ್ದೇನೆ ಅಂತ ಸ್ವಲ್ಪ ಜಂಬವೂ ಇತ್ತು. ಇತ್ತು ಅಂದೆ, ಗಮನಿಸಿ.

ಜಂಬದ ಮಾತು ಬಂದರೆ ನಮ್ಮಪ್ಪನನ್ನು ಬಿಡುವಂತಿಲ್ಲ. ಪಾಕ ನೋಡುವುದರಲ್ಲಿ ಅವನನ್ನು ಮೀರಿಸಿದವರು ಆತಗೂರಿನವರೆಗೂ ಇರಲಿಲ್ಲ. ಕುದಿಯುವ ಪಾಕದ ಗುಳ್ಳೆ ನೋಡಿಯೇ ಇನ್ನೆಷ್ಟು ಹೊತ್ತು ಅಂತ ಹೇಳುತ್ತಿದ್ದ. ಮೊದಲು ಮೀನಿನ ಕಣ್ಣಿನಂಥ ಗುಳ್ಳೆ, ಆಮೇಲೆ ಹುರುಳಿಕಾಳಿನಂಥದ್ದು, ಕೊನೆಗೆ ಹಸು ನಿಟ್ಟುಸಿರು ಬಿಟ್ಟಂತೆ ಪುಸ್ ಪುಸ್ ಅಂತ ಒಡೆಯುವ ದೊಡ್ಡ ಗುಳ್ಳೆ. ಆಗ ಕೈಯನ್ನು ತಣ್ಣೀರಿಗೆ ಅದ್ದಿ, ಚಿಟಿಕೆ ಪಾಕ ತೆಗೆದು, ನೀರಿನ ಬೋಸಿಗೆ ಬಿಟ್ಟು ಉಂಡೆ ಮಾಡಿ ಕಲ್ಲಿಗೆ ಹೊಡೆಯುತ್ತಿದ್ದ. ಠಣ್ ಅಂದರೆ ಹದ. "ಬೆಲ್ಲ ಹೇಳ್ದೆ ಕೆಡಲ್ಲ ಕಣ್ಲಾ. ಮೊದ್ಲೇ ಹೇಳ್ತದೆ. ಕೇಳುಸ್ಕಳೋ ಕಿವಿ ಬೇಕು ಅಷ್ಟೆ" ಅನ್ನುತ್ತಿದ್ದ.

ಅದೇ ಅಪ್ಪನ ಇನ್ನೊಂದು ಹೆಮ್ಮೆ ಹೇಳಬೇಕು. ಮರ್ಯಾದಸ್ಥರು ಈ ನಾಲ್ಕು ಸಾಲು ಬಿಟ್ಟು ಓದಿ. ಅಪ್ಪ ಒಂದಕ್ಕೆ ಹೋಗುತ್ತಿದ್ದುದು ಆಲೆಮನೆಯ ಹಿಂದಿನ ಜಾಲಿಮೆಳೆಯ ಹತ್ತಿರ. ಅವನು ಬಂದ ಗಳಿಗೆಯಲ್ಲೇ ಅಲ್ಲಿಗೆ ಕಟ್ಟಿರುವೆಗಳ ಸಾಲು ಹೊರಡುತ್ತಿತ್ತು. ಮಕ್ಕಳು ನಾವೆಲ್ಲ ಹೋಗಿ ನೋಡಿ ನಗುತ್ತಿದ್ದೆವು. ಅಪ್ಪ ಮೀಸೆ ತಿರುವಿ, "ನೋಡ್ರಲಾ, ಬೆಲ್ಲದ ಗೌಡ ಅಂದ್ರೆ ಸುಮ್ಕೆ ಅಲ್ಲ, ಉಚ್ಚೆಗೂ ಇರುವೆ ಬತ್ತವೆ!" ಅನ್ನುತ್ತಿದ್ದ. ಈ ಎರಡು ಮೂರು ವರ್ಷದಿಂದ ನನ್ನ ಹಿಂದೆಯೂ ಅದೇ ಜಾಲಿಮೆಳೆಗೆ ಇರುವೆಗಳು ಬರತೊಡಗಿದ್ದವು. ನನಗೆ ಖುಷಿಯಾಗಿತ್ತು. ಅಪ್ಪನ ಪಟ್ಟ ನನಗೆ ಸಿಕ್ಕಿತು ಅಂದುಕೊಂಡೆ.

ಒಂದು ವಿಷಯದಲ್ಲಂತೂ ಅಪ್ಪನನ್ನೇ ಮೀರಿಸಿದೆ. ಅವನಿಗೆ ಪಾಕ ಮುಟ್ಟಬೇಕಾದರೆ ಕೈ ತಣ್ಣೀರಿಗೆ ಅದ್ದಲೇಬೇಕಿತ್ತು. ನನಗೆ ಈಚೆಗೆ ಅದೂ ಬೇಕಾಗಿರಲಿಲ್ಲ. ಒಣಗೈಯಲ್ಲೇ ಚಿಟಿಕೆ ತೆಗೆಯುತ್ತಿದ್ದೆ. ಒಲೆಯ ಬಾಯಿಯ ಮುಂದೆ ಬಿಸಿಬೂದಿಯ ಮೇಲೆ ಬರಿಗಾಲಲ್ಲಿ ನಿಂತು ಮಾತಾಡುತ್ತಿದ್ದೆ. ಕಬ್ಬು ತಂದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. "ಸುಡಲ್ವಾ ಗೌಡ್ರೆ?" "ನಲವತ್ತು ವರ್ಸದ ಕೈ ಕಣಯ್ಯ ಇದು, ಬೆಂಕಿಗೇ ನಮ್ ಗುರ್ತದೆ" ಅನ್ನುತ್ತಿದ್ದೆ. ಮದ್ದೂರಿಗೆ ಹೋದರೆ ಅಲ್ಲಿನ ಗ್ಯಾರೇಜಿನಲ್ಲೂ ಇದನ್ನೇ ಕೊಚ್ಚುತ್ತಿದ್ದೆ. ಬಾಯಿಗೆ ಬಂದದ್ದು ಎಂಥ ಮಾತು ನೋಡಿ. ನೆನೆಸಿಕೊಂಡರೆ ಈಗ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಚಪ್ಪಲಿ ಕಳೆದದ್ದು ಹೋದ ಸಂಕ್ರಾಂತಿ ಮುಗಿದ ಮೇಲೆ. ಗಾಣದ ಗೇರು ಕಿರಗುಟ್ಟುತ್ತಿತ್ತು. ಅದರ ಹಲ್ಲುಚಕ್ರ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮದ್ದೂರಿನ ನಯಾಜನ ಗ್ಯಾರೇಜಿಗೆ ಬಸ್ಸಿನಲ್ಲಿ ಹೋದೆ. ನಯಾಜ ನನ್ನ ವಯಸ್ಸಿನವನು. ಅವರಪ್ಪ ನಮ್ಮಪ್ಪನ ಮೊದಲ ಇಂಜಿನ್ನು ಕೂರಿಸಿಕೊಟ್ಟವನು. ಓದಿನ ಹುಚ್ಚಿನಲ್ಲಿ ನಯಾಜ ನನ್ನನ್ನೂ ಮೀರಿಸಿದವನು. ಸ್ಪ್ಯಾನರುಗಳ ಹಲಗೆಯ ಮೇಲೆ ಕಾದಂಬರಿಗಳನ್ನು ಜೋಡಿಸಿಟ್ಟಿರುತ್ತಾನೆ. ನಾನು ಹೋಗಿ ಚೀಲ ಇಳಿಸಿದೆ. ಅವನು ಚಕ್ರವನ್ನು ನೋಡಲಿಲ್ಲ. ನನ್ನ ಕಾಲು ನೋಡಿದ.

"ಗೌಡ, ಇನ್ನೊಂದೆಲ್ಲಿ?"

"ಇನ್ನೊಂದೇನು?"

"ಚಪ್ಲಿ."

ಬಗ್ಗಿ ನೋಡಿದರೆ ಬಲಗಾಲಲ್ಲಿ ಇದೆ, ಎಡಗಾಲಲ್ಲಿ ಇಲ್ಲ. ಬಸ್ ಸ್ಟ್ಯಾಂಡಿನಿಂದ ಗ್ಯಾರೇಜಿನವರೆಗೂ ಜಲ್ಲಿ ಕಿತ್ತ ರಸ್ತೆಯಲ್ಲಿ ಒಂದು ಕಾಲು ಬರಿದಾಗಿ ನಡೆದುಕೊಂಡು ಬಂದಿದ್ದೇನೆ! ಗ್ಯಾರೇಜಿನಲ್ಲಿದ್ದವರೆಲ್ಲ ಬಿದ್ದೂ ಬಿದ್ದೂ ನಕ್ಕರು. "ಬಸ್ಸು ರಶ್ಶಿತ್ತು ಕಣಯ್ಯ, ಯಾರೋ ತುಳುದ್ ಎಳ್ಕಂಡವ್ರೆ" ಅಂದು ನಾನೂ ನಕ್ಕೆ. ನಯಾಜ ನಗಲಿಲ್ಲ ಅನ್ನುವುದು ನನಗೆ ಹೊಳೆದದ್ದು ಬಹಳ ದಿನದ ಮೇಲೆ. ಅವನು ಕೈಯನ್ನು ಚಿಂದಿಗೆ ಒರೆಸಿಕೊಂಡು, ಹಲಗೆಯಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಚೀಲಕ್ಕೆ ಹಾಕಿದ. "ಇದನ್ನ ಓದು. ಅರ್ಧಕ್ಕೆ ಬುಡಬ್ಯಾಡ" ಅಂದ. ಏಳನೇ ಕ್ಲಾಸಿನವನಿಗೆ ಹೇಳುವ ಮಾತೇ ಅದು? ನನಗೆ ರೇಗಿತು. ತಿಂಗಳೊಳಗೆ ಮುಗಿಸಿ ತಂದು ಇವನ ಮುಂದೆ ಕುಕ್ಕುತ್ತೇನೆ ಅಂದುಕೊಂಡು, ಅಲ್ಲೇ ಒಂದು ಜೊತೆ ಹವಾಯಿ ಕೊಂಡು ಬಸ್ಸು ಹತ್ತಿದೆ.

ಕಾದಂಬರಿ ಒಬ್ಬ ನೀರಗಂಟಿಯ ಕಥೆ. ಮಾದಣ್ಣ ಅಂತ. ಹಳೆಯ ಕಾಲದವನು. ಕೆರೆಯ ತೂಬು ಎತ್ತಿ ಸರದಿಯ ಪ್ರಕಾರ ಎಲ್ಲರ ಗದ್ದೆಗೂ ನೀರು ಬಿಡುವುದು ಅವನ ಕೆಲಸ. ಏರಿಯ ಮೇಲೆ, ಕಾಲುವೆಯ ಬದಿಯಲ್ಲಿ ಬರಿಗಾಲಲ್ಲಿ ನಡೆಯುತ್ತಲೇ ಇರುತ್ತಾನೆ. ನೀರಿಗಾಗಿ ಎರಡು ಕೇರಿಗಳ ಜಗಳ, ಮಗಳ ಮದುವೆ, ಕೋರ್ಟು, ಕೊಲೆಗೆ ಹೊಂಚು, ಏನುಂಟು ಏನಿಲ್ಲ. ಭಾಗ್ಯ ಮಧ್ಯಾಹ್ನ ಊಟ ತಂದವಳು ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು. ನಾನು ಗಟ್ಟಿಯಾಗಿ ಓದುತ್ತಿದ್ದೆ. ಮಳವಳ್ಳಿ ಕಡೆಯವಳು ಅವಳು. ಒಂದು ಮಾತು ಎದುರಾಡದೆ ಕಥೆ ಕೇಳಿದವಳೇ ಅಲ್ಲ.

ಮೂವತ್ತೇಳನೇ ಪುಟದಲ್ಲಿ ಮಾದಣ್ಣ ಮನೆಗೆ ಬಂದಾಗ ಅವನ ಪಾದದಲ್ಲಿ ಜಾಲಿಮುಳ್ಳು ನಾಟಿಕೊಂಡಿರುವುದನ್ನು ಮಗಳು ನೋಡುತ್ತಾಳೆ. ಅವನಿಗೆ ಗೊತ್ತೇ ಇಲ್ಲ. "ಮುಳ್ಳಿಗೂ ನನ್ನ ಕಾಲಿಗೂ ಸ್ನೇಹ ಕಣವ್ವ" ಅಂದು ನಗುತ್ತಾನೆ.

ಭಾಗ್ಯ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ಈವಯ್ಯ ಉಳಿಯಲ್ಲ ಕನ."

"ಏನ್ ಮಾತೂ ಅಂತ ಆಡ್ತೀಯೆ! ಇನ್ನೂ ಐನೂರ್ ಎಪ್ಪತ್ತು ಪುಟ ಅವೆ. ಅವ್ನು ಸತ್ರೆ ಮಿಕ್ಕಿದ್ದನ್ನ ಯಾರ್ ಮೇಲ್ ಬರೀತಾರೆ?"

"ಬರ್ಕಳ್ಳಿ. ಕಾಲಿಗೆ ಮುಳ್ಳು ಚುಚ್ಚುದ್ರೆ ಗೊತ್ತಾಗ್ಬೇಕು. ಗೊತ್ತಾಗ್ನಿಲ್ಲ ಅಂದ್ರೆ ಅದೇನ್ ಸ್ನೇಹ?"

ನಾನು ಓದಿಕೊಂಡು ಹೋದೆ. ನೂರ ಹನ್ನೆರಡರಲ್ಲಿ ಕಾಲುವೆಯ ಏಡಿ ಅವನ ಬೆರಳು ಕಚ್ಚಿ ಹಿಡಿದು ಜೋತಾಡುತ್ತದೆ. ಜನ ಕೂಗಿ ಹೇಳುವವರೆಗೂ ಅವನಿಗೆ ತಿಳಿಯದು. ನಾನು ನಕ್ಕೆ. ಭಾಗ್ಯ ನಗಲಿಲ್ಲ. ಇನ್ನೂರ ನಲವತ್ತರ ಸುಮಾರಿಗೆ ಮಗಳ ಮದುವೆಗೆ ಜೀವಮಾನದಲ್ಲೇ ಮೊದಲ ಸಲ ಚಪ್ಪಲಿ ಮೆಟ್ಟಿ, ಧಾರೆಯ ಹೊತ್ತಿಗೆ ಒಂದೇ ಚಪ್ಪಲಿಯಲ್ಲಿ ಬಂದು ನಿಲ್ಲುತ್ತಾನೆ. ಬೀಗರೆಲ್ಲ ನಗುತ್ತಾರೆ. ಅವತ್ತು ನನಗಾದ ಸಂತೋಷ ಹೇಳತೀರದು. ಪುಸ್ತಕವನ್ನು ತೊಡೆಯ ಮೇಲೆ ಬಡಿದು, "ನೋಡೇ! ನೋಡೇ! ನನ್ನಂಗೇ!" ಅಂದೆ. ಇಷ್ಟು ದೊಡ್ಡ ಲೇಖಕರಿಗೂ ನನ್ನಂಥವನೊಬ್ಬ ಗೊತ್ತಿದ್ದಾನಲ್ಲ! ಭಾಗ್ಯ ನನ್ನ ಮುಖ ನೋಡಿದಳು, ಗೂಡಿನಲ್ಲಿದ್ದ ಒಂಟಿ ಚಪ್ಪಲಿ ನೋಡಿದಳು, ಎದ್ದು ಮನೆಗೆ ಹೋದಳು. ಅವರೆಕಾಯಿ ಅಲ್ಲೇ ಬಿಟ್ಟಿದ್ದಳು.

ಈಗ ಕೊನೆ ಹೇಳುತ್ತೇನೆ. ಕಡೆಯ ಅಧ್ಯಾಯದಲ್ಲಿ ಹುಚ್ಚು ಮಳೆ. ಕೆರೆ ತುಂಬಿ ಏರಿ ಅದುರುತ್ತಿದೆ. ತೂಬು ಎತ್ತದಿದ್ದರೆ ಎರಡೂ ಕೇರಿ ಕೊಚ್ಚಿಹೋಗುತ್ತವೆ. ಮಾದಣ್ಣ ತೂಬಿನ ಕಲ್ಲುಮೆಟ್ಟಿಲು ಇಳಿಯುತ್ತಾನೆ. ಮೂವತ್ತು ವರ್ಷ ಕಣ್ಣು ಮುಚ್ಚಿಕೊಂಡು ಇಳಿದ ಮೆಟ್ಟಿಲು. ಪಾಚಿ ಕಟ್ಟಿದ ಒಂದು ಮೆಟ್ಟಿಲು ಅವನ ಎಡಗಾಲಿಗೆ ತಿಳಿಯುವುದಿಲ್ಲ. ಕಾಲು ಇಟ್ಟಿದ್ದೇನೆ ಅಂತ ಅವನು ಅಂದುಕೊಳ್ಳುತ್ತಾನೆ, ಇಟ್ಟಿರುವುದಿಲ್ಲ. ತೂಬೇನೋ ತೆರೆಯುತ್ತದೆ, ಊರು ಉಳಿಯುತ್ತದೆ, ಮಾದಣ್ಣ ಮೇಲೆ ಬರುವುದಿಲ್ಲ. ಬೆಳಗ್ಗೆ ಜನ ಬಂದು ನೋಡಿದರೆ ಏರಿಯ ಕೆಸರಿನಲ್ಲಿ ಅವನು ನಡೆದ ಗುರುತು. ಬಲಗಾಲಿನ ಹೆಜ್ಜೆ ಒಂದೊಂದೂ ಅಚ್ಚು ಒತ್ತಿದ ಹಾಗೆ ಇದೆ. ಎಡಗಾಲಿನ ಜಾಗದಲ್ಲಿ ಹೆಜ್ಜೆಯೇ ಇಲ್ಲ, ಎಳೆದುಕೊಂಡು ಹೋದ ಗೀಟು. ಅಲ್ಲಿಗೆ ಪುಸ್ತಕ ಮುಗಿಯಿತು.

ನಾನು ಪುಸ್ತಕವನ್ನು ಎಸೆದೆ. ಸುಳ್ಳು ಹೇಳುವುದಿಲ್ಲ, ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಎಸೆದೆ. ಆರುನೂರು ಪುಟ ನನ್ನ ಕೈ ಹಿಡಿದು ನಡೆಸಿಕೊಂಡು ಬಂದು ಕೊನೆಗೆ ನೂಕಿಬಿಟ್ಟರಲ್ಲ! ಹೊಂಚು ಹಾಕಿದವರ ಕೈಗೆ ಸಿಕ್ಕಿ ಸತ್ತಿದ್ದರೆ ಒಪ್ಪಬಹುದಿತ್ತು. ಮೆಟ್ಟಿಲು ಜಾರಿ ಸಾಯುವುದು ಒಂದು ಸಾವೇ? ಭಾಗ್ಯಳಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಇಲ್ಲ. "ಅವತ್ತೇ ಏಳ್ಳಿಲ್ವಾ ನಾನು" ಅಂದಳು.

ಆ ಸಿಟ್ಟಿನಲ್ಲೇ ಮದ್ದೂರಿಗೆ ಹೋಗಿ ನಯಾಜನ ಮುಂದೆ ಪುಸ್ತಕ ಕುಕ್ಕಿದೆ. "ಮೋಸ ಕಣಯ್ಯ ಇದು. ಹೇಳ್ದೆ ಕೇಳ್ದೆ ಸಾಯ್ಸವ್ರೆ."

ನಯಾಜ ಯಾವುದೋ ಟಿಲ್ಲರಿನ ಹೊಟ್ಟೆಯೊಳಗೆ ಕೈ ಹಾಕಿದ್ದ. ತಲೆ ಎತ್ತದೆ ಅಂದ: "ಇಂಜಿನ್ನು ಹೇಳ್ದೆ ಕೆಡೋದುಂಟಾ ಗೌಡ?"

"ಅದಕ್ಕೂ ಇದಕ್ಕೂ?"

"ತಗಂಡೋಗು. ಇನ್ನೊಂದ್ ಸಲ ಓದು. ನಾನು ಗುರ್ತು ಮಾಡಿರೋ ತಾವು ಮಾತ್ರ ಓದುದ್ರೂ ಸಾಕು."

ಗುರುತು! ಪುಸ್ತಕದ ಅಂಚಿನಲ್ಲಿ ಅಲ್ಲಲ್ಲಿ ಗ್ರೀಸಿನ ಹೆಬ್ಬೆಟ್ಟು ಇದ್ದುದನ್ನು ನಾನು ನೋಡಿದ್ದೆ. ಕೈ ತೊಳೆಯದೆ ಸರಸ್ವತಿಯನ್ನು ಮುಟ್ಟುತ್ತಾನಲ್ಲ ಅಂತ ಬೈದುಕೊಂಡಿದ್ದೆ. ಬಸ್ಸಿನಲ್ಲೇ ಕೂತು ಹುಡುಕಿದೆ. ಮೊದಲನೆಯದು ಮುಳ್ಳಿನ ಪಕ್ಕ. ಎರಡನೆಯದು ಏಡಿಯ ಪಕ್ಕ. ಮೂರನೆಯದು ಮದುವೆಯ ಚಪ್ಪಲಿಯ ಪಕ್ಕ. ನಾಲ್ಕನೆಯದು ಏನೂ ನಡೆಯದ ಒಂದು ಪುಟದಲ್ಲಿ. ಅಲ್ಲಿ ಮಾದಣ್ಣ ಅರಳಿಕಟ್ಟೆಯ ಮೇಲೆ ಕೂತು, "ನನ್ನ ಕಾಲು ಕಲ್ಲಾಗಿದೆ ಕಣ್ರಯ್ಯಾ, ಇದಕ್ಕೆ ಇನ್ನು ಯಾವ ನೋವೂ ಇಲ್ಲ" ಅಂತ ಜಂಬ ಕೊಚ್ಚುತ್ತಾನೆ. ಅಷ್ಟೆ. ಅದರ ಎದುರಿಗೆ ಕಪ್ಪಗೆ, ಒತ್ತಿ ಒತ್ತಿ, ನಯಾಜನ ಹೆಬ್ಬೆಟ್ಟು.

ಲೇಖಕರು ಎಲ್ಲವನ್ನೂ ಹೇಳಿಯೇ ಇದ್ದರು. ಬೆಲ್ಲದ ಹಾಗೆ, ಮೊದಲೇ. ಪಾಕದ ಗುಳ್ಳೆ ನೋಡಿ ಗಳಿಗೆ ಹೇಳುವ ನಾನು ಮೂವತ್ತೇಳನೇ ಪುಟದ ಗುಳ್ಳೆಯನ್ನು ಕಾಣದೇ ಹೋಗಿದ್ದೆ. ಬಸ್ಸು ಬೆಸಗರಹಳ್ಳಿ ಮುಟ್ಟುವಷ್ಟರಲ್ಲಿ ನಾನು ಮಾದಣ್ಣನ ಪುಟ ಬಿಟ್ಟು ನನ್ನವನ್ನು ತಿರುವುತ್ತಿದ್ದೆ. ಒಣಗೈಯಲ್ಲಿ ತೆಗೆದ ಪಾಕ. ಬಿಸಿಬೂದಿ. ಚಪ್ಪಲಿ. "ಬೆಂಕಿಗೇ ನಮ್ ಗುರ್ತದೆ." ಒಂದೊಂದರ ಪಕ್ಕದಲ್ಲೂ ಯಾರೋ ಹೆಬ್ಬೆಟ್ಟು ಒತ್ತಿದ ಹಾಗೆ ಕಾಣತೊಡಗಿತು. ಬಸ್ಸಿನಿಂದ ಇಳಿಯುವಾಗ ಮೆಟ್ಟಿಲನ್ನು ಕಣ್ಣಿನಿಂದ ನೋಡಿಕೊಂಡು ಇಳಿದೆ, ಎರಡೂ ಕೈಯಲ್ಲಿ ಸರಳು ಹಿಡಿದು. ಕಂಡಕ್ಟರು, "ಬೇಗ ಇಳಿ ಯಜಮಾನ, ಸೀಮಂತದ ಎಣ್ಣಂಗೆ ಇಳೀತೀಯಲ್ಲ" ಅಂದ.

ಇರುವೆ ನೆನಪಾದದ್ದು ಆಮೇಲೆ. ಜಾಲಿಮೆಳೆಯ ಹತ್ತಿರ ನಿಂತಿದ್ದಾಗ. ಆ ಸಾಲು ನನ್ನ ಕಡೆಗೆ ಬರುತ್ತಿತ್ತು, ಅಪ್ಪನ ಕಾಲದಲ್ಲಿ ಬಂದ ಹಾಗೆಯೇ. ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಅಂತ ಊರಿನ ಮಕ್ಕಳಿಗೂ ಗೊತ್ತು. ಬೇರೆ ಯಾರ ಮನೆಯಲ್ಲಿ ಬಂದಿದ್ದರೂ ಅದೇ ದಿನ ಗಾಬರಿಯಾಗುತ್ತಿದ್ದರು. ಆದರೆ ಬೆಲ್ಲ ಬೇಯಿಸುವವನ ಮನೆಯಲ್ಲಿ ಇರುವೆ ಇಲ್ಲದ ಜಾಗ ಯಾವುದು? ಅಚ್ಚಿನಲ್ಲಿ ಇರುವೆ, ಪಂಚೆಯಲ್ಲಿ ಇರುವೆ, ಉಣ್ಣುವ ತಟ್ಟೆಯಲ್ಲಿ ಇರುವೆ. ಹೇಳಬೇಕಾದ್ದನ್ನು ಅವು ಮೂರು ವರ್ಷದಿಂದ ಸಾಲುಗಟ್ಟಿ ಹೇಳುತ್ತಿದ್ದರೂ ನಮಗೆ ಅದು ಮೀಸೆ ತಿರುವುವ ವಿಷಯವಾಗಿತ್ತು.

ಆಗ ಇನ್ನೊಂದು ನೆನಪು ಎದ್ದು ಬಂತು. ಅಪ್ಪನ ಕೊನೆಯ ವರ್ಷ ಅವನ ಎಡಗಾಲಿನ ಹೆಬ್ಬೆರಳಿಗೆ ಒಂದು ಬಟ್ಟೆ ಸುತ್ತಿರುತ್ತಿತ್ತು. ಅರಿಶಿನ ಹಚ್ಚಿ ಹಚ್ಚಿ ಆ ಬಟ್ಟೆ ಹಳದಿಯಾಗಿತ್ತು. ಚೇಳು ಕಚ್ಚಿದ್ದು ಅನ್ನುತ್ತಿದ್ದ. ಯಾವ ಚೇಳು, ಯಾವಾಗ, ಯಾರೂ ಕೇಳಲಿಲ್ಲ. ಒಂದು ಹಂಗಾಮು ಪೂರ್ತಿ ಆ ಗಾಯ ಮಾಯಲಿಲ್ಲ. ಅಪ್ಪ ಜ್ವರದಲ್ಲಿ ಹೋದ ಅಂತಲೇ ನಾವು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇವೆ. ನನ್ನ ಕಾದಂಬರಿ ಶುರುವಾದದ್ದು ನನ್ನಿಂದಲ್ಲ. ನಾನು ಹುಟ್ಟುವುದಕ್ಕೂ ಮೊದಲೇ ಯಾರೋ ಅದರ ಮೊದಲ ಪುಟ ಬರೆದಿಟ್ಟಿದ್ದರು.

ಹೆದರಿದವನು ಏನು ಮಾಡಬೇಕು? ಬುದ್ಧಿವಂತನಾದರೆ ಆಸ್ಪತ್ರೆಗೆ ಹೋಗುತ್ತಾನೆ. ನಾನು ಕುಂಬಾರನನ್ನು ನೆನೆಸಿಕೊಂಡೆ. ನಲವತ್ತು ವರ್ಷದಿಂದ ಅವನು ಬಾವಿಗೆ ಬೀಳದೆ ಉಳಿದಿರುವುದು ಯಾಕೆ? ನಾನು ಮುಂದಿನ ಪುಟ ಓದಲಿಲ್ಲ, ಅದಕ್ಕೆ. ನಾನು ಡಾಕ್ಟರ ಹತ್ತಿರ ಹೋಗುವವರೆಗೂ ನನಗೆ ಕಾಯಿಲೆ ಇಲ್ಲ. ಲೆಕ್ಕ ಸರಿಯಾಗಿದೆ ಅನ್ನಿಸಿತು. ಪಾಕ ಮುಟ್ಟುವ ಮೊದಲು ಕೈಯನ್ನು ತಣ್ಣೀರಿಗೆ ಅದ್ದಲು ಶುರು ಮಾಡಿದೆ, ಅದ್ದಿದರೆ ಬಿಸಿ ತಿಳಿಯುತ್ತದೆಯೋ ಎನ್ನುವ ಹಾಗೆ. ಆಲೆಮನೆಯಲ್ಲೂ ಚಪ್ಪಲಿ ಮೆಟ್ಟಿದೆ. ಕೂತಲ್ಲಿ ನಿಂತಲ್ಲಿ ಎಡಗಾಲಿನ ಬೆರಳುಗಳನ್ನು ಚಿವುಟಿಕೊಳ್ಳುತ್ತಿದ್ದೆ. ಒಂದು ದಿನ ನೋವಾದ ಹಾಗೆ ಅನ್ನಿಸುತ್ತಿತ್ತು, ಹಿಗ್ಗುತ್ತಿದ್ದೆ. ಇನ್ನೊಂದು ದಿನ ಅನ್ನಿಸುತ್ತಿರಲಿಲ್ಲ, ಊಟ ಇಳಿಯುತ್ತಿರಲಿಲ್ಲ.

ಭಾಗ್ಯ ಹದಿನೈದು ದಿನ ನೋಡಿದಳು. ಒಂದು ಮಧ್ಯಾಹ್ನ ಬುತ್ತಿ ಕೆಳಗಿಟ್ಟು ನನ್ನೆದುರು ನಿಂತಳು.

"ಅದೇನದು, ದನದ ಮೈಯಿನ ಉಣ್ಣೆಹುಳ ತಗ್ಯೋರಂಗೆ ಒತ್ತಾರೆಯಿಂದ ಕಾಲ್ ಚಿವುಟ್ಕತಿದ್ದೀರಿ? ನಡೀರಿ ಮದ್ದೂರ್ಗೆ."

ನಾನು ಕುಂಬಾರನ ಕಥೆ ಹೇಳಿದೆ. ಪೂರ್ತಿ ಹೇಳಿದೆ. ಬಹಳ ಗಹನವಾದ ಮಾತು ಆಡುತ್ತಿದ್ದೇನೆ ಅಂತ ಇತ್ತು ನನಗೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಅಲ್ಲಾ ಕನ, ನೀವ್ ಪುಟ ತಿರುವ್ದೆ ಇದ್ರೆ ಆ ಪುಸ್ತಕ್ದಲ್ಲಿ ಬರ್ದಿರೋದು ಅಳ್ಸೋಯ್ತದಾ? ಮಿಕ್ಕಿದ್ದ ಐಕ್ಳೆಲ್ಲಾ ಓದ್ಕಂಡ್ ಮನ್ಗೋಗವ್ರೆ. ನಿಮ್ ಕುಂಬಾರ ಎಂದೋ ಬಿದ್ದವ್ನೆ. ನಿಮ್ಗೆ ಗೊತ್ತಿಲ್ಲ ಅಷ್ಟೆಯಾ."

ಏಳನೇ ಕ್ಲಾಸಿನವನನ್ನು ಮೂರನೇ ಕ್ಲಾಸಿನವಳು ಸೋಲಿಸಿದಳು.

ಮದ್ದೂರಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತ ತೆಗೆಸಿದರು, ಚೀಟಿ ನೋಡಿದರು, ಮುಖದಲ್ಲಿ ಏನೂ ತೋರಿಸಲಿಲ್ಲ. ಮಂಚದ ಮೇಲೆ ಮಲಗಿಸಿ ಚಪ್ಪಲಿ ತೆಗೆಸಿದರು. ಕೈಯಲ್ಲಿ ಗಾಳದ ದಾರದಂಥ ಗಟ್ಟಿ ಎಳೆ ಸಿಕ್ಕಿಸಿದ ಒಂದು ಕಡ್ಡಿ.

"ಕಣ್ಣು ಮುಚ್ಕೊಳ್ಳಿ ಗೌಡ್ರೆ. ಇದರಿಂದ ನಿಮ್ಮ ಪಾದ ಮುಟ್ತೀನಿ. ಮುಟ್ಟಿದಾಗೆಲ್ಲ ಹ್ಞೂ ಅನ್ನಿ."

ಕಣ್ಣು ಮುಚ್ಚಿದೆ. ಮೊದಲು ಬಲಗಾಲು. ಎರಡು ಮೂರು ಕಡೆ ಮಸುಕು ಮಸುಕಾಗಿ ತಾಕಿತು, ಹ್ಞೂ ಅಂದೆ. "ಈಗ ಎಡಗಾಲು" ಅಂದರು. ಕಾದೆ. ಹೊರಗೆ ಬಸ್ಸು ಹಾರನ್ನು ಹೊಡೆಯಿತು. ಮೇಲೆ ಫ್ಯಾನು ಕಟ ಕಟ ಅನ್ನುತ್ತಿತ್ತು. ಯಾರೋ ನರ್ಸು ಬಂದರೇನೋ, ಡಾಕ್ಟರು ಬೇರೆ ಏನೋ ಕೆಲಸ ನೋಡುತ್ತಿದ್ದಾರೇನೋ ಅಂದುಕೊಂಡೆ. ಒಲೆಯ ಮೇಲಿನ ಕೊಪ್ಪರಿಗೆಯನ್ನು ಆಳುಗಳಿಗೆ ಒಪ್ಪಿಸಿ ಬಂದಿದ್ದೆ, ಅದರ ಚಿಂತೆ ಬೇರೆ. ಇನ್ನೂ ಸ್ವಲ್ಪ ಕಾದು ಹೇಳಿದೆ:

"ಅವ್ವಾ, ಶುರು ಮಾಡಿ ಮತ್ತೆ. ನಾವು ಓಗ್ಬೇಕು."

ಕಣ್ಣು ಬಿಟ್ಟೆ. ಡಾಕ್ಟರು ಕಡ್ಡಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಭಾಗ್ಯ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಆಯ್ತು ಗೌಡ್ರೆ. ಹತ್ತು ಕಡೆ ಮುಟ್ಟಿದೆ" ಅಂದರು ಡಾಕ್ಟರು.

ನಾನು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೇನೆ ಅಂದುಕೊಂಡಿದ್ದೆ. ಮಾದಣ್ಣ ಆ ಗಳಿಗೆಯಲ್ಲಿ ಏನು ಕಂಡನೋ, ಆ ಮಂಚದ ಮೇಲೆ ಅಂಗಾತ ಮಲಗಿ ನಾನು ಕಂಡೆ.

ಆಮೇಲೆ ಅವರು ನಿಧಾನವಾಗಿ ಎಲ್ಲ ಹೇಳಿದರು. ಸಕ್ಕರೆ ಬಂದು ಎಷ್ಟೋ ವರ್ಷವಾಗಿರಬೇಕು. ಹೋದ ಸ್ಪರ್ಶ ತಿರುಗಿ ಬರುತ್ತದೆ ಅಂತ ನಂಬಿಕೊಳ್ಳಬೇಡಿ. ಇರುವ ಕಾಲನ್ನು ಉಳಿಸಿಕೊಳ್ಳಬಹುದು. ಗಾಯವಾದರೆ ನಿಮಗೆ ತಿಳಿಯುವುದಿಲ್ಲ, ಆದ್ದರಿಂದ ದಿನಾ ಅಂಗಾಲು ನೋಡಬೇಕು. ಒಂದು ದಿನವೂ ತಪ್ಪಬಾರದು. ಕೊನೆಗೆ ಕೇಳಿದರು: "ಕೆಲಸ ಏನು ಮಾಡ್ತೀರಿ?"

"ಬೆಲ್ಲ ಮಾಡ್ತೀನಿ."

ಅವರು ಪೆನ್ನು ಕೆಳಗಿಟ್ಟರು. "ರುಚಿ ನೋಡ್ತೀರಾ?"

"ಪ್ರತಿ ಅಡುಗೇಗೂ" ಅಂದೆ, ನನ್ನ ದನಿಯಲ್ಲಿ ಆಗಲೂ ಒಂದಿಷ್ಟು ಜಂಬ ಉಳಿದಿತ್ತು.

ಬರುವ ದಾರಿಯಲ್ಲಿ ನಯಾಜನಿಗೆ ಪುಸ್ತಕ ವಾಪಸು ಕೊಟ್ಟೆ. ಚೀಟಿ ತೋರಿಸಿದೆ. ಅವನು ಓದಿ ಮಡಚಿಕೊಟ್ಟ. "ನಮ್ಮಮ್ಮಂಗೂ ಹಿಂಗೇ ಆಯ್ತು. ಚಪ್ಲಿ ಎಲ್ಲೆಲ್ಲೋ ಬುಟ್ಟು ಬರೋಳು. ನಾವೆಲ್ಲ ನಗ್ತಿದ್ವಿ" ಅಂದ. ಪುಸ್ತಕವನ್ನು ಸ್ಪ್ಯಾನರುಗಳ ಹಲಗೆಯ ಮೇಲೆ ಅದರ ಜಾಗಕ್ಕೆ ಸೇರಿಸಿದ.

"ಅಂಗಾದ್ರೆ ಅವತ್ತೇ ಬಾಯ್ಬುಟ್ಟು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಕೇಳ್ತಿದ್ಯಾ ನೀನು? ಬೆಂಕಿಗೇ ಗುರ್ತಿರೋನು."

ನಿಜ. ಹೇಳಿದ್ದರೆ ಆ ಗ್ಯಾರೇಜಿಗೇ ಕಾಲಿಡುತ್ತಿರಲಿಲ್ಲ. ಆದರೂ ಪುಸ್ತಕವನ್ನು ಬೇಕಂತಲೇ ಕೊಟ್ಟೆಯಾ ಅಂತ ಕೇಳಿದಾಗ, "ಪುಸ್ತಕ ಚೆನ್ನಾಗದೆ ಅಂತ ಕೊಟ್ಟೆ ಕಣಪ್ಪ" ಅಂದು ಟಿಲ್ಲರಿನ ಕೆಳಗೆ ನುಗ್ಗಿದ.

ಈಗ ಪಾಕದ ರುಚಿ ನೋಡುವವಳು ಭಾಗ್ಯ. ನಾಲಿಗೆಯ ಮೇಲಿಟ್ಟುಕೊಂಡು, "ಸುಣ್ಣ ಜಾಸ್ತಿ ಆಗದೆ", "ತಳ ಹಿಡ್ದದೆ" ಅಂತ ನಮ್ಮಪ್ಪನಿಗಿಂತ ಜೋರು ಮಾಡುತ್ತಾಳೆ. ನನಗೆ ಉಳಿದಿರುವುದು ಕಲ್ಲಿಗೆ ಹೊಡೆದು ಕೇಳುವ ಠಣ್ ಒಂದೇ. ಕಿವಿ ಇನ್ನೂ ಚೆನ್ನಾಗಿದೆ. ಅದೂ ಚೆನ್ನಾಗಿದೆ ಅಂತ ಜೋರಾಗಿ ಹೇಳಲು ಈಚೆಗೆ ಧೈರ್ಯ ಬರುವುದಿಲ್ಲ. ಮಾಯದ ಸಣ್ಣ ತರಚು, ಒಂದು ಕೆಮ್ಮು, ಬೇಲಿಯ ಮೇಲೆ ಕೂತ ಹಕ್ಕಿ, ಎಲ್ಲವೂ ಯಾವುದೋ ಮುಂದಿನ ಪುಟಕ್ಕೆ ಗುರುತು ಮಾಡಿಟ್ಟ ಹಾಗೆ ಕಾಣುತ್ತದೆ. ಒಳ್ಳೆಯ ಕಾದಂಬರಿ ಓದುವುದರಿಂದ ಮನಸ್ಸಿಗೆ ನೆಮ್ಮದಿ ಅಂತ ಯಾರೋ ಹೇಳಿದ್ದರು. ಅವರು ಸಿಕ್ಕಿದರೆ ಕೇಳುವುದಿದೆ.

ಮಧ್ಯಾಹ್ನ ಅಡುಗೆ ಇಳಿದ ಮೇಲೆ ಈಗ ನಾನು ಓದುವುದಿಲ್ಲ. ಸಿಪ್ಪೆಯ ರಾಶಿಗೆ ಒರಗಿ ಎರಡೂ ಕಾಲನ್ನು ಭಾಗ್ಯಳ ತೊಡೆಯ ಮೇಲೆ ಚಾಚುತ್ತೇನೆ. ಅವಳು ಕನ್ನಡಕ ಹಾಕಿಕೊಂಡು, ಒದ್ದೆಬಟ್ಟೆಯಲ್ಲಿ ಬೂದಿ ಒರೆಸಿ, ಹಿಮ್ಮಡಿಯಿಂದ ಶುರು ಮಾಡುತ್ತಾಳೆ. ಹಳೆಯ ಪುಸ್ತಕ ಓದುವವರ ಹಾಗೆ ಸಾಲು ಸಾಲಾಗಿ ಬೆರಳಿಟ್ಟುಕೊಂಡು ಮೇಲೆ ಬರುತ್ತಾಳೆ.

"ಏನ್ ಬರ್ದದೆ ಇವತ್ತು?" ಅನ್ನುತ್ತೇನೆ.

"ಏನಿಲ್ಲ. ಬರೀ ಮಣ್ಣು" ಅನ್ನುತ್ತಾಳೆ.

ಎಡಗಾಲಿನ ಹೆಬ್ಬೆರಳಿನ ಹತ್ತಿರಕ್ಕೆ ಬಂದಾಗ ಒಂದೊಂದು ದಿನ ಅವಳು ಮಾತು ನಿಲ್ಲಿಸಿ, ಕನ್ನಡಕ ಸರಿ ಮಾಡಿಕೊಂಡು, ಬೆಳಕಿಗೆ ತಿರುಗಿಸಿ ನೋಡುತ್ತಾಳೆ. ಆಗ ಅವಳ ಬೆರಳು ನನ್ನ ಪಾದದ ಮೇಲೆ ಎಲ್ಲಿದೆಯೋ ನನಗೆ ತಿಳಿಯುವುದಿಲ್ಲ. ಅವಳ ಮುಖವನ್ನೇ ನೋಡುತ್ತಾ ಕೂರುತ್ತೇನೆ.